ಮದ್ರಾಸ್ ಐ ಮತ್ತು ನಾಲ್ಕು ತೊಟ್ಟು ಹಾಲು

ಹದಿನೈದು ದಿನದ ಹಿಂದಿನ ಮಾತು. ಬೆಳಿಗ್ಗೆ ಇನ್ನೂ ಹಾಲಿನವನು ಬಂದಿರಲಿಲ್ಲ, ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ನಮ್ಮ ಬೀದಿಯ ಬ್ಯಾಂಕ್ ಮ್ಯಾನೇಜರು. ಪಂಚೆ, ಬನಿಯನ್ನು, ಹೆಗಲ ಮೇಲೊಂದು ಟವೆಲ್ಲು. ಕಣ್ಣಿಗೆ ಕಪ್ಪು ಕನ್ನಡಕ. (ಸೂರ್ಯ ಇನ್ನೂ ಹುಟ್ಟಿರಲಿಲ್ಲ.) ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಬೆಳ್ಳಿ ಒಳಲೆ, ಕೂಸುಗಳಿಗೆ ಹಾಲು ಕುಡಿಸುತ್ತಾರಲ್ಲ, ಅದು.

"ನಾಲ್ಕು ತೊಟ್ಟು ಹಾಲು ಬೇಕಿತ್ತು ಟೀಚರ್."

"ನಮ್ಮ ಹಸು ಈಗ ಗಬ್ಬ, ಹಾಲಿನವನೂ ಇನ್ನೂ ಬಂದಿಲ್ಲವಲ್ಲ ಸಾರ್."

ಅವರು ನನ್ನ ಮುಖ ಬಿಟ್ಟು ಎದುರಿನ ಲೈಟು ಕಂಬ ನೋಡಿದರು. "ಆ ಹಾಲಲ್ಲ ಟೀಚರ್. ನಿಮ್ಮ ಮನೇಲಿ ಬಾಣಂತಿ ಇದಾರಂತಲ್ಲ..."

ಅರ್ಥವಾಯಿತಲ್ಲ? ನಂಜನಗೂಡಿಗೆ ಮದ್ರಾಸ್ ಐ ಬಂದಿತ್ತು. ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು, ರೆಪ್ಪೆ ಪಿಸುರಿನಿಂದ ಅಂಟಿಕೊಂಡಿರುತ್ತದೆ, ಒಳಗೆ ಮರಳು ಹಾಕಿ ಉಜ್ಜಿದ ಹಾಗೆ ಉರಿ. (ಮದ್ರಾಸಿನವರು ಇದನ್ನು ಏನೆಂದು ಕರೆಯುತ್ತಾರೋ? ಮೈಸೂರು ಐ ಅಂತ ಇರಬಹುದು.) ಇದಕ್ಕೆ ತಾಯಿಯ ಎದೆಹಾಲು ಬಿಟ್ಟರೆ ಬೇರೆ ಮದ್ದಿಲ್ಲ ಅಂತ ನಮ್ಮ ಊರು ತೀರ್ಮಾನ ಮಾಡಿತ್ತು. ನಮ್ಮ ಮನೆಯಲ್ಲಿ ನನ್ನ ನಾದಿನಿ ಗಿರಿಜೆ ಬಾಣಂತನಕ್ಕೆ ಬಂದಿದ್ದಾಳೆ. ಇಷ್ಟು ಸಾಲದೇ?

ಊರಿನ ಅವಸ್ಥೆ ನೋಡಬೇಕಿತ್ತು. ಎಲ್ಲರ ಮುಖದ ಮೇಲೂ ಕಪ್ಪು ಕನ್ನಡಕ. ತರಕಾರಿಯವಳಿಗೂ ಕಪ್ಪು ಕನ್ನಡಕ, ಬದನೆಕಾಯಿಯ ಹುಳುಕು ಕಾಣಲಿಲ್ಲ ಅನ್ನೋದಕ್ಕೆ ಹೊಸ ನೆಪ. ಟಿ. ನರಸೀಪುರದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವ ಮುಂಚೆ, "ಕನ್ನಡ್ಕ ತಗೀರಿ, ಕಣ್ ತೋರ್ಸಿ" ಅನ್ನುತ್ತಿದ್ದ. ತೋರಿಸಿದವರ ಕಣ್ಣು ಕೆಂಪಗಿದ್ದರೆ ಹಿಂದಿನ ಸೀಟು. ಅವನ ಕಣ್ಣು ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಅವನು ಕನ್ನಡಕ ತೆಗೆದರೆ ತಾನೇ.

ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಂತೂ ದಿನವೂ ಅಧಿವೇಶನ. ಆಕಾಶದಿಂದ ಆ ಅಮೆರಿಕದ ಸ್ಕೈಲ್ಯಾಬ್ ಬಿದ್ದಾಗಿನಿಂದ ಗಾಳಿ ಕೆಟ್ಟಿದೆ ಎಂದರು ಡ್ರಿಲ್ ಮೇಷ್ಟ್ರು. ಒಬ್ಬರ ಕಣ್ಣನ್ನು ಒಬ್ಬರು ನೋಡಿದರೆ ಸಾಕು, ಬರುತ್ತದೆ ಎಂದರು ಹಿಂದಿ ಟೀಚರ್. (ಹಾಗಾದರೆ ಅವರ ಕ್ಲಾಸಿನ ಹುಡುಗಿಯರಿಗೆ ಬರಲಾರದು, ಯಾರೂ ತಲೆಯೆತ್ತಿ ನೋಡುವುದಿಲ್ಲ.) ಸಂಸ್ಕೃತ ಮೇಷ್ಟ್ರು ಮಾತ್ರ ಬಹಳ ಖುಷಿಯಲ್ಲಿದ್ದರು.

"ಈಗ ಡಾಕ್ಟರು ಏನು ಹೇಳ್ತಿದಾರೆ? ದೂರ ನಿಲ್ಲಿ, ಮುಟ್ಟಬೇಡಿ, ಲೋಟ ಟವೆಲ್ಲು ಬೇರೆ ಇಡಿ. ನಮ್ಮ ಹಿರಿಯರು ಹೇಳಿದ್ದೇನು? ಅದನ್ನೇ. ಮಡಿ ಮೈಲಿಗೆ ಅಂತ ನಗ್ತಿದ್ರಲ್ಲ, ಅದೆಲ್ಲ ಶುದ್ಧ ಸೈನ್ಸ್ ಕಣ್ರೀ!"

ಎಲ್ಲರೂ ತಲೆ ಆಡಿಸಿದರು. ನನಗೆ ಏನೋ ಕಸಿವಿಸಿ. ಆದರೆ ಬೆಲ್ಲು ಹೊಡೆಯಿತು, ನಾನೂ ಎದ್ದು ಹೋದೆ.

ಮನೆಗೆ ಬಂದರೆ ಜಗಲಿಯ ಮೇಲೆ ಜನ. ಒಬ್ಬರ ಕೈಯಲ್ಲಿ ಚಮಚ, ಇನ್ನೊಬ್ಬರ ಕೈಯಲ್ಲಿ ಟಾನಿಕ್ ಬಾಟಲಿಯ ಮುಚ್ಚಳ. ಮೂಲೆಮನೆಯ ಶಾಸ್ತ್ರಿಗಳ ಸೊಸೆ ದೇವರ ಮನೆಯ ಉದ್ಧರಣೆಯನ್ನೇ ತಂದಿದ್ದಳು. ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರದೇ ಇಸಿದುಕೊಂಡು ಒಳಗೆ ಗಿರಿಜೆಗೆ ಕೊಡುವುದು, ತಂದು ಹೊರಗೆ ಕೊಡುವುದು. ಅವರ ಮುಖದಲ್ಲಿ ಎಂಥ ಕಳೆ ಅಂತೀರಿ! ಗಿರಿಜೆಗೆ ಹೆಣ್ಣುಮಗು ಆದಾಗ, "ಹೋಗಲಿ ಬಿಡಿ, ಲಕ್ಷ್ಮಿ ಬಂದಳು" ಅಂತ ಸಮಾಧಾನ ಹೇಳಿ ಹೋಗಿದ್ದವರೇ ಈಗ, "ಹೆಣ್ಣು ಹೆತ್ತವಳ ಹಾಲು ತಂಪು, ಅದೇ ಕಣ್ಣಿಗೆ ಶ್ರೇಷ್ಠ" ಅನ್ನುತ್ತಿದ್ದರು.

ನನಗೆ ಮಗುವಿನದೇ ಯೋಚನೆ. ಇನ್ನೂ ಎರಡು ತಿಂಗಳ ಕೂಸು. ಆಸ್ಪತ್ರೆ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, "ಎದೆಹಾಲು ಗಿದೆಹಾಲು ಏನೂ ಬೇಡ. ಡ್ರಾಪ್ಸ್ ಹಾಕಿ, ಕೈ ತೊಳೀರಿ. ಮಗು ಇರೋ ಮನೆಗೆ ಯಾರನ್ನೂ ಬಿಡಬೇಡಿ." ನಾನು ಅತ್ತೆಯವರಿಗೆ ಹೇಳಿದೆ. ಅತ್ತೆಯವರು ಕೇಳಲಿಲ್ಲ.

"ಬಾಣಂತಿ ಇರೋ ಮನೇಲಿ ಹಾಲು ಇಲ್ಲ ಅನ್ನಬಾರದು ಕಣೇ. ಅಂದರೆ ಬತ್ತಿ ಹೋಗುತ್ತೆ. ಆಮೇಲೆ ಕೂಸಿಗೇನು ಕೊಡ್ತೀಯ? ನಿನ್ನ ಡಾಕ್ಟರ ಡ್ರಾಪ್ಸಾ?"

ನಾನು ಬಂದವರ ಚಮಚಗಳನ್ನು ಕುದಿಯುವ ನೀರಿಗೆ ಹಾಕಿದೆ. ಬಾಗಿಲ ಚಿಲಕ ಒರೆಸಿದೆ. ಕನ್ನಡಿಯ ಮುಂದೆ ನಿಂತು ನನ್ನ ರೆಪ್ಪೆ ಎಳೆದು ನೋಡಿಕೊಂಡೆ, ಮಗುವಿನ ಕಣ್ಣು ನೋಡಿದೆ, ಮತ್ತೆ ಕನ್ನಡಿಗೆ ಬಂದೆ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಟಿ. ನರಸೀಪುರದಿಂದ ಗಿರಿಜೆಯ ಗಂಡ ತನ್ನ ಹೆಂಡತಿ ಮಗುವನ್ನು ನೋಡಲು ಬಂದರೆ, ಬಸ್ಸಿನಲ್ಲಿ ಬಂದಿದ್ದಾನೆ ಅಂತ ಅವನನ್ನು ಜಗಲಿಯ ಮೇಲೇ ನಿಲ್ಲಿಸಿದೆ. ಪಾಪ, ಕಿಟಕಿಯಿಂದ ಮಗಳನ್ನು ನೋಡಿ, ತಂದ ಕಿತ್ತಳೆ ಹಣ್ಣನ್ನು ಕಿಟಕಿಯಲ್ಲೇ ಕೊಟ್ಟು ಹೋದ. ಸ್ವಂತ ಅಪ್ಪ ಹೊರಗೆ, ಊರವರ ಚಮಚ ಒಳಗೆ!

ಆಗಬಾರದ್ದು ಆಗಿಯೇ ಹೋಯಿತು. ಶುಕ್ರವಾರ ಬೆಳಿಗ್ಗೆ ಗಿರಿಜೆ ರೂಮಿನಿಂದ ಕೂಗಿದಳು. "ಅತ್ತಿಗೇ, ಕಣ್ಣು ಬಿಡಕ್ಕೇ ಆಗ್ತಿಲ್ಲ."

ಎರಡೂ ಕಣ್ಣು ಕೆಂಡ. ಪಕ್ಕದಲ್ಲಿ ಮಗು ಏನೂ ಅರಿಯದೆ ಕಾಲು ಆಡಿಸುತ್ತಿತ್ತು. ಗಿರಿಜೆ ಅದನ್ನು ಮುಟ್ಟಲು ಹೆದರಿ ಎರಡೂ ಕೈ ಹಿಂದಕ್ಕೆ ಇಟ್ಟುಕೊಂಡು ಅಳುತ್ತಿದ್ದಳು. ಹಾಲು ಕೊಡದೆ ಇರುವ ಹಾಗಿಲ್ಲ, ಹತ್ತಿರ ತೆಗೆದುಕೊಳ್ಳುವ ಹಾಗೂ ಇಲ್ಲ. ಊರಿನ ಮೆಡಿಕಲ್ ಸ್ಟೋರುಗಳಲ್ಲಿ ಡ್ರಾಪ್ಸ್ ಖಾಲಿ. ನಮ್ಮವರು ಮೈಸೂರಿನಿಂದ ತರುತ್ತೇನೆ ಅಂತ ಬಸ್ ಹತ್ತಿದರು.

ಅತ್ತೆಯವರು ಅಷ್ಟು ಹೊತ್ತು ಕಾಯುವವರಲ್ಲ. "ಅವಳ ಹಾಲು ಅವಳ ಕಣ್ಣಿಗೆ ಹತ್ತಲ್ಲ. ಬೇರೆಯವರದು ಬೇಕು" ಅಂದರು. ಯಾರದು? ಊರಿಗೆಲ್ಲ ಕೊಟ್ಟ ಬೀದಿಯಲ್ಲಿ ಬೇರೆ ಬಾಣಂತಿಯೇ ಇಲ್ಲ.

ಆಗ ಹಿತ್ತಲಿನಲ್ಲಿ ಒಂದು ಕೂಸು ಅತ್ತಿತು.

ಚಿಕ್ಕತಾಯಮ್ಮನ ಕೂಸು. ಚಿಕ್ಕತಾಯಮ್ಮ ನಮ್ಮ ಕೊಟ್ಟಿಗೆ ಬಾಚುವವಳು. ಗಂಡ ಊರಾಚೆಯ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಅವಳು ಹೆತ್ತು ಮೂರು ತಿಂಗಳಿಗೇ ಕೆಲಸಕ್ಕೆ ಬಂದವಳು, ಸೀಬೆಮರದ ಕೊಂಬೆಗೆ ಹಳೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಸಗಣಿ ಎತ್ತುತ್ತಾಳೆ. ಅವಳ ಕಾಫಿಗೆ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಒಂದು ಅಲ್ಯುಮಿನಿಯಂ ಲೋಟ ಇದೆ. ಅದನ್ನು ಅವಳೇ ತಂದು ಒಗೆಯುವ ಕಲ್ಲಿನ ಮೇಲೆ ಇಡಬೇಕು, ದೂರ ಸರಿಯಬೇಕು, ಅತ್ತೆಯವರು ಮೇಲಿನಿಂದ ಹೊಯ್ಯಬೇಕು. ಅವಳು ಬಾಣಂತಿ ಅನ್ನುವುದು ಆ ಬೆಳಗಿನವರೆಗೆ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಊರವರಿಗೂ ಬಂದಿರಲಿಲ್ಲ. ಒಂದು ಚಮಚವೂ ಅವಳ ಜೋಲಿಯ ಹತ್ತಿರ ಹೋಗಿರಲಿಲ್ಲ.

ಅತ್ತೆಯವರು ಕೂಸಿನ ಅಳು ಕೇಳಿದರು. ನನ್ನ ಮುಖ ನೋಡಿದರು. ಅಡುಗೆಮನೆಯಿಂದ ಹಿತ್ತಲ ಬಾಗಿಲಿಗೆ ಹೋದರು, ಅಲ್ಲಿಂದ ವಾಪಸ್ ಬಂದರು. ಗಿರಿಜೆ ರೂಮಿನಲ್ಲಿ ಮುಲುಗಿದಳು. ಮತ್ತೆ ಬಾಗಿಲಿಗೆ ಹೋದರು. ಕೊನೆಗೆ ಯಾರಿಗೋ ಜವಾಬು ಕೊಡುವ ಹಾಗೆ ಹೇಳಿದರು:

"ಕಣ್ಣಿಗೆ ತಾನೇ. ಬಾಯಿಗಲ್ಲವಲ್ಲ."

ಮೆಟ್ಟಿಲು ಇಳಿದು ಹಿತ್ತಲಿಗೆ ಹೋದರು. ನಾನೂ ಹಿಂದೆ ಹೋದೆ. ಅತ್ತೆಯವರು ಒಗೆಯುವ ಕಲ್ಲನ್ನು ದಾಟಿ ಆಚೆ ಕಾಲಿಟ್ಟಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿದ್ದು ಅದೇ ಮೊದಲು. ಸೀದಾ ಜೋಲಿಯ ಕಡೆಗೆ ನಡೆದರು. "ಏನೇ ಚಿಕ್ಕತಾಯಿ, ನಿನ್ನ ಕೂಸು ಎಷ್ಟು ಮುದ್ದಾಗಿದೆಯೇ" ಅನ್ನುತ್ತ ಬಗ್ಗಿದರು.

"ಅಲ್ಲೇ ನಿಂತ್ಕಳಿ ಅಮ್ಮಾವ್ರೆ! ಅತ್ರ ಬರ್ಬ್ಯಾಡಿ!"

ಚಿಕ್ಕತಾಯಮ್ಮ ಸಗಣಿಯ ಮಂಕರಿಯನ್ನು ಬಿಸಾಕಿ ಓಡಿ ಬಂದು ಜೋಲಿಗೂ ಅತ್ತೆಯವರಿಗೂ ನಡುವೆ ನಿಂತಿದ್ದಳು. ಅತ್ತೆಯವರ ಕೈ ಹಾಗೇ ನಿಂತುಬಿಟ್ಟಿತು.

"ಸಿಟ್ ಮಾಡ್ಕಬ್ಯಾಡಿ ಅಮ್ಮಾವ್ರೆ. ನಿಮ್ಮನೇಲಿ ಕಣ್ ಬಂದದೆ. ಇದ್ಕೂ ಅಂಟ್ಕಂಡ್ರೆ ನಾನೇನ್ ಮಾಡ್ಲಿ? ಮುಟ್ಬ್ಯಾಡಿ. ದೂರ ನಿಂತ್ಕಂಡೇ ಯೋಳಿ."

ಅತ್ತೆಯವರು ದೂರ ನಿಂತರು. ಇಡೀ ಬೀದಿಗೆ ಹಂಚಿದ ಮನುಷ್ಯರು, ಕೇಳುವುದು ಹೇಗೆ ಅಂತ ಅವರಿಗೆ ಗೊತ್ತಿರಲಿಲ್ಲ. "ಗಿರಿಜಂಗೆ... ಕಣ್ಣಿಗೆ... ನಾಲ್ಕು ತೊಟ್ಟು..." ಅಂದರು.

ಚಿಕ್ಕತಾಯಮ್ಮ ಜೋಲಿಯ ಅಂಚು ಎಳೆದು ಕೂಸಿನ ಮುಖ ಮುಚ್ಚಿದಳು. "ಕೊಡಕ್ಕಿಲ್ಲ ಅಂತ ಯೋಳಕ್ಕಿಲ್ಲ. ಬಾಣ್ತಿ ಆಲು ಇಲ್ಲ ಅನ್ಬಾರ್ದು ಅಂತ ನಮ್ಮವ್ವಾನೂ ಯೋಳ್ಕೊಟ್ಟವ್ಳೆ. ಕಲ್ ಮ್ಯಾಲೆ ಮಡಗ್ತೀನಿ. ನಾನು ಅತ್ಲಾಗೋದ್ ಮ್ಯಾಲೆ ತಕ್ಕಳಿ."

ಗೂಡಿನಿಂದ ತನ್ನ ಲೋಟ ತೆಗೆದಳು. ತೊಳೆದಳು. ಮರದ ಮರೆಗೆ ಹೋಗಿ ಬಂದಳು. ಲೋಟವನ್ನು ಒಗೆಯುವ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು, ದಿನಾ ಸರಿಯುವಷ್ಟೇ ದೂರ. ಅತ್ತೆಯವರು ಹೋಗಿ ಎತ್ತಿಕೊಂಡರು.

"ಆ ಲೋಟ ನೀವೇ ಮಡೀಕಳಿ. ನಂಗೆ ವಾಪಸ್ ಬ್ಯಾಡ" ಅಂದಳು ಚಿಕ್ಕತಾಯಮ್ಮ, ಕೂಸನ್ನು ಜೋಲಿಯಿಂದ ಎತ್ತಿ ಸೆರಗಿನಲ್ಲಿ ಮುಚ್ಚುತ್ತ. "ಊರಲ್ಲಿ ಕಣ್ ಓಗೋಗಂಟ ನಮ್ಮವ್ವನ ಮನೆಗೆ, ಎಮ್ಮರಗಾಲಕ್ಕೆ ಓಯ್ತೀನಿ. ನಿಮ್ ಕೊಟ್ಗೆ ನೀವೇ ಬಾಚ್ಕಳಿ ಟೀಚರಮ್ಮ." ಹೊರಟೇ ಹೋದಳು.

ನಾನು ಊರವರಿಗೆ ಬಾಗಿಲು ಹಾಕಬೇಕು ಅಂತ ವಾರವಿಡೀ ಒದ್ದಾಡಿ ಹಾಕಲಾರದೆ ಹೋದೆ. ಅವಳು ಒಂದು ನಿಮಿಷದಲ್ಲಿ ಹಾಕಿದಳು, ಅದೂ ಬಾಗಿಲೇ ಇಲ್ಲದ ಕಡೆ. ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಆಮೇಲೆ ನಾಚಿಕೆಯಾಯಿತು.

ಲೋಟ ಹಿತ್ತಲಿನಿಂದ ಅಡುಗೆಮನೆಗೆ ಬಂತು, ಅಡುಗೆಮನೆಯಿಂದ ದೇವರ ಮನೆ ದಾಟಿ ಬಾಣಂತಿ ರೂಮಿಗೆ ಹೋಯಿತು. ಡಾಕ್ಟರು ಬೇಡ ಅಂದಿದ್ದಾರೆ ಅಂತ ನಾನು ಕೊನೆಯ ಸಲ ಹೇಳಿ ನೋಡಿದೆ. ಗಿರಿಜೆ ಕಣ್ಣು ಮುಚ್ಚಿಕೊಂಡೇ, "ಯಾರದಮ್ಮಾ?" ಅಂತ ಕೇಳಿದಳು. ಅತ್ತೆಯವರು, "ಯಾರದ್ದಾದರೇನು, ಬಾಯಿ ಮುಚ್ಚಿ ಕಣ್ಣು ಬಿಡು" ಅಂದರು.

ಸಂಜೆ ಮೈಸೂರಿನಿಂದ ಡ್ರಾಪ್ಸೂ ಬಂತು. ಗಿರಿಜೆಗೆ ವಾಸಿಯಾಗಿದೆ. ಮಗುವಿಗೆ ದೇವರ ದಯೆ, ಬರಲೇ ಇಲ್ಲ. ಹಾಲಿನಿಂದ ವಾಸಿಯಾಯಿತು ಅಂತ ಅತ್ತೆಯವರು, ಡ್ರಾಪ್ಸಿನಿಂದ ಅಂತ ನಾನು. ಆ ಜಗಳ ಬಿಡಿ. ಅತ್ತೆಯವರನ್ನು ಕಾಡುತ್ತಿರುವುದು ಬೇರೆ. ದೋಸೆ ಹುಯ್ಯುವಾಗ, ಹೂ ಕಟ್ಟುವಾಗ, ಇದ್ದಕ್ಕಿದ್ದ ಹಾಗೆ ನಿಲ್ಲಿಸಿ ಕೇಳುತ್ತಾರೆ:

"ನನಗೆ ದೂರ ನಿಲ್ಲಿ ಅಂದಳಲ್ಲೇ! ಅಲ್ಲ, ನಾನೇನು ಮುಟ್ಟಿ ಮೈಲಿಗೆ ಮಾಡಿಬಿಡ್ತಿದ್ದೆನಾ?"

ಅವರಿಗೆ ಸಿಟ್ಟಿಲ್ಲ. ನೋವಾಗಿದೆ. ಅದನ್ನು ನೋಡಿದರೆ ನನಗೂ ಅಯ್ಯೋ ಅನ್ನಿಸುತ್ತದೆ. ಒಂದೇ ಒಂದು ಸಲಕ್ಕೆ ಇಷ್ಟು ನೋವು! ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿ, "ನೋಡಿ ಮೇಷ್ಟ್ರೇ, ನಮ್ಮ ಚಿಕ್ಕತಾಯಮ್ಮ ಮಾಡಿದ್ದು ಶುದ್ಧ ಸೈನ್ಸ್" ಅಂದೆ. ಸಂಸ್ಕೃತ ಮೇಷ್ಟ್ರು ಪೇಪರ್ ಕರೆಕ್ಷನ್ ಇದೆ ಅಂತ ಎದ್ದು ಹೋದರು.

ನಿನ್ನೆ ಹೆಮ್ಮರಗಾಲದಿಂದ ಸುದ್ದಿ ಬಂತು. ಚಿಕ್ಕತಾಯಮ್ಮನ ಕೂಸು ಗಟ್ಟಿಯಾಗಿದೆ, ಕಣ್ಣಿಗೆ ಏನೂ ಆಗಿಲ್ಲ. ಸೋಮವಾರದಿಂದ ಅವಳು ಕೆಲಸಕ್ಕೆ ಬರುತ್ತಾಳಂತೆ. (ಅಷ್ಟು ದಿನ ಕೊಟ್ಟಿಗೆ ಬಾಚಿದ್ದು ನಾನು. ಸೊಂಟದ ವಿಷಯ ಕೇಳಬೇಡಿ.)

ಆ ಲೋಟ ಈಗಲೂ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ. ಅತ್ತೆಯವರು ಅದನ್ನು ಗೂಡಿಗೆ ವಾಪಸ್ ಇಟ್ಟಿಲ್ಲ, ನಮ್ಮ ಸ್ಟೀಲ್ ಲೋಟಗಳ ಜೊತೆಗೂ ಸೇರಿಸಿಲ್ಲ. ಒರೆಸಿ ಒರೆಸಿ ಅಲ್ಲೇ ಇಡುತ್ತಾರೆ. ಇವತ್ತು ಬೆಳಿಗ್ಗೆ ನನ್ನ ಕಡೆ ತಿರುಗದೆ ಕೇಳಿದರು, "ಅವಳು ಬರ್ತಾಳಲ್ಲ, ಅಂಗಡಿಯಿಂದ ಇನ್ನೊಂದು ಅಲ್ಯುಮಿನಿಯಂ ಲೋಟ ತರಬೇಕೇನೇ?"

ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಕೊಡಬೇಕು, ಸೋಮವಾರದೊಳಗೆ ಕೊಡಬೇಕು. ಅದಕ್ಕೆ ಮುಂಚೆ ನಿಮ್ಮನ್ನೊಂದು ಮಾತು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಆ ಲೋಟ ಎಲ್ಲಿದೆ?