ಜೇಬಿನಲ್ಲಿದ್ದ ಕಾಗದ

ಲಾಂಡ್ರಿಯಲ್ಲಿ ಜೇಬು ನೋಡುವುದು ಅವನ ಕೆಲಸ. ಬಂದ ಬಟ್ಟೆಯನ್ನೆಲ್ಲ ಬಾಗಿಲಲ್ಲೇ ಕೊಡವಿ, ಜೇಬು ಹೊರಗೆಳೆದು, ಸಿಕ್ಕ ಕೀಲಿಕೈ, ಪೆನ್ಸಿಲ್ಲು, ಒಮ್ಮೆ ಮೇಷ್ಟರ ಕಟ್ಟುಹಲ್ಲು, ಎಲ್ಲ ಡಬ್ಬಿಗೆ ಹಾಕಿ ಆಮೇಲೆ ಬಟ್ಟೆಯನ್ನು ಹೆಂಡತಿಯ ಕಡೆ ಎಸೆಯುತ್ತಿದ್ದ. ಅವಳು ಹಂಡೆಗೆ ಅದ್ದುತ್ತಿದ್ದಳು. ಅವನ ಅಮ್ಮ ಮಡಿಸುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು.

ಮೆತ್ತಗಿನ ಮನುಷ್ಯ. ಕಿವಿ ದೊಡ್ಡವು. ಓಣಿಯವರು ಮೊರ ಎಂದು ಕರೆದರೂ ನಗುತ್ತಿದ್ದ. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರು ಸಂಜೆಯವರೆಗೂ ಬಗ್ಗುತ್ತಿರಲಿಲ್ಲ. ಆಳುವ ದೊರೆಗಳಿಗೆ ಕಡಲಾಚೆ ಯುದ್ಧ ಬಂತು, ಜನ ಬೇಕಾಯಿತು. ಅವನೂ ಹೆಸರು ಬರೆಸಿದ.

ಹೊರಡುವ ಹಿಂದಿನ ದಿನ ವಕೀಲರ ಬಿಳಿ ಅಂಗಿಯ ಬೆನ್ನು ಇಸ್ತ್ರಿಪೆಟ್ಟಿಗೆಯಷ್ಟಗಲ ಸುಟ್ಟಿತ್ತು. ನಾನೇ ಸುಟ್ಟೆ ಅಂದ. ಹೆಂಡತಿ ಬಾಯಿಗೆ ಬಂದಂತೆ ಬೈದಳು.

"ಮನಸ್ಸೆಲ್ಲ ಹಡಗಲ್ಲಿಟ್ಕೊಂಡು ಇಸ್ತ್ರಿ ಯಾಕೆ ಮುಟ್ಟಿದ್ರಿ? ಹೋಗೋದಾದ್ರೆ ಇವತ್ತೇ ಹೋಗಿ!"

ಅವನು ಸುಟ್ಟ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟ. ಬೆಳಿಗ್ಗೆ ಹೋದ.

ಎರಡು ವರ್ಷದ ಮೇಲೆ ಅವನ ಬದಲು ಒಂದು ಗಂಟು ಬಂತು. ಜ್ವರದಲ್ಲಿ ತೀರಿಕೊಂಡನೆಂದು ಚೀಟಿ, ಮಣ್ಣು ಮೆತ್ತಿದ ಕೋಟು. ಅವನ ಕೋಟು ಕೊಳಕಾಗಿರುವುದನ್ನು ಅವಳಿಗೆ ನೋಡಲಾಗಲಿಲ್ಲ. ಸೀದಾ ಹಂಡೆಗೆ ಅದ್ದಿದಳು. ಜೇಬು ನೋಡುವ ರೂಢಿ ಅವಳ ಕೈಗೆ ಇರಲೇ ಇಲ್ಲ. ಅವನು ಹೋದ ಮೇಲೆ ಅತ್ತೆ ನೋಡುತ್ತಿದ್ದಳು. ಅತ್ತೆ ಅವತ್ತು ಗೋಡೆ ಕಡೆ ತಿರುಗಿ ಮಲಗಿದ್ದಳು.

ಹಿಂಡುವಾಗ ಕಾಗದದ ಮುದ್ದೆ ಈಚೆ ಬಂತು. ನೀರೆಲ್ಲ ಶಾಯಿ.

ಮುದ್ದೆಯನ್ನು ಬಿಡಿಸಿ ಒಗೆಯುವ ಕಲ್ಲಿನ ಮೇಲೆ ಒಣಹಾಕಿದಳು. ಒಂದಕ್ಷರ ಉಳಿದಿರಲಿಲ್ಲ. ಆ ಬೈಗುಳದ ಸಿಟ್ಟು ಹೊತ್ತುಕೊಂಡೇ ಸತ್ತನೋ ಏನೋ. ಅವಳಿಗೆ ತಿಳಿಯಬೇಕಿದ್ದುದು ಅದೊಂದೇ. ಅದನ್ನು ತಾನೇ ತೊಳೆದು ಹಾಕಿದ್ದಳು.

ಮರುವರ್ಷ ಒಬ್ಬ ಸಿಪಾಯಿ ಕುಂಟುತ್ತ ಬಂದ. ಅವಳ ಗಂಡನ ಜೊತೆ ಒಂದೇ ಡೇರೆಯಲ್ಲಿದ್ದವನು. ಗಂಡನಿಗೆ ಬರೆಯಲು ಬಾರದು. ಕ್ಷೇಮ ಎಂದಷ್ಟೇ ಇರುತ್ತಿದ್ದ ಅವನ ಕಾಗದಗಳನ್ನೆಲ್ಲ ಬರೆದುಕೊಟ್ಟವನು ಈ ಸಿಪಾಯಿಯೇ.

"ಅಕ್ಕಾ, ಕೊನೇ ಕಾಗದ ಸಿಕ್ತಾ? ಅಂಚೆಗೆ ಹಾಕೋ ಮೊದಲೇ ಅಣ್ಣ ಮಲಗಿಬಿಟ್ಟ. ಕೋಟಲ್ಲೇ ಇತ್ತು."

"ಒಗೆದುಬಿಟ್ಟೆ."

ಸಿಪಾಯಿ ಬಾಯಿ ಬಿಟ್ಟುಕೊಂಡು ನೋಡಿದ. ನಗು ತಡೆಯಲಾಗಲಿಲ್ಲ. "ಅಣ್ಣ ಹೇಳ್ತಾನೇ ಇದ್ದ, ಅವಳ ಕೈಗೆ ಸಿಕ್ರೆ ನನ್ನನ್ನೂ ಹಿಂಡಿ ಹಗ್ಗಕ್ಕೆ ಹಾಕ್ತಾಳೆ ಅಂತ!"

ಅವಳೂ ನಕ್ಕಳು. ವರ್ಷಕ್ಕೆ ಅದೇ ಮೊದಲ ನಗು. ಆಮೇಲೆ ಕೇಳಿದಳು, "ನನ್ನ ಮೇಲೆ ಸಿಟ್ಟಿತ್ತಾ?"

"ಸಿಟ್ಟಾ? ಅವನಿಗಾ?" ಸಿಪಾಯಿ ಒಳಗೆ ನೋಡಿ ದನಿ ತಗ್ಗಿಸಿದ. "ವಕೀಲರ ಅಂಗಿ ಸುಟ್ಟಿದ್ದು ಅಮ್ಮ ಅಂತೆ. ಕಣ್ಣು ಮಂಜು, ಸೊಸೆಗೆ ಹೇಳ್ಬೇಡ ಅಂತ ಅತ್ರಂತೆ. 'ಆ ಬೈಗುಳ ನಂದಲ್ಲ, ನಂಗೆ ತಾಗಿಲ್ಲ. ಅಮ್ಮನ ಕೈಗೆ ಇಸ್ತ್ರಿ ಕೊಡಬೇಡ, ಸುಟ್ಕೋತಾಳೆ. ಬೈಬೇಡ.' ಇಷ್ಟೇ ಬರೆಸಿದ್ದು."

ಸಿಪಾಯಿ ಹೋದ ಮೇಲೆ ಅವಳು ಒಳಗೆ ಬಂದಳು. ಅತ್ತೆ ದಿಂಬಿನ ಗವಸನ್ನು ತಡವಿ ತಡವಿ ಮಡಿಸುತ್ತಿದ್ದಳು.

"ಏನು ಬರೆಸಿದ್ನಂತೆ ನನ್ನ ಮಗ?"

"ನಿಮ್ಮನ್ನ ಚೆನ್ನಾಗಿ ನೋಡ್ಕೋ ಅಂತ, ಅತ್ತೆ."

"ಇನ್ನೇನೂ ಇಲ್ವಾ?"

"ಇನ್ನೇನೂ ಇಲ್ಲ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಅತ್ತೆಯ ಕೈಗೆಟುಕದ ಗೂಡಿಗೆ ಎತ್ತಿಟ್ಟು ಬಂದು ಪಕ್ಕದಲ್ಲಿ ಕೂತಳು. ಗವಸಿನ ಇನ್ನೊಂದು ತುದಿ ಹಿಡಿದಳು.