ಡಬ್ಬಿಯ ಜೀವಾಣು, ಸೋಮವಾರದ ಎತ್ತು

“ಇವತ್ತ ಸೋಮವಾರ ಐತ್ರಿ, ಎತ್ತಿನ ಪೂಜಿ ವಾರ, ಹೂಡಂಗಿಲ್ಲ,” ಎಂದು ಪಾರಿಶ್ವಾಡದ ರೈತ ಬಸಪ್ಪನವರು ಕೈ ಮುಗಿದುಬಿಟ್ಟರು. ನಾನು ಬೆಳಗಾವಿಯ ಪ್ರಯೋಗಾಲಯದಿಂದ ಜೀವಾಣು ತುಂಬಿದ ದೊಡ್ಡ ಡಬ್ಬಿ ಹೊತ್ತು ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯ ಚೀಲ ಒಡೆದು ಕೆಟ್ಟುಹೋಗಿದ್ದ ಅವರ ಹೊಲದಲ್ಲಿ ಆ ವಿಷವನ್ನು ತಿಂದು ಕರಗಿಸಬೇಕಾದ ಜೀವಾಣುಗಳವು. ಅಂದೇ ಉತ್ತು ಮಣ್ಣಿಗೆ ಬೆರೆಸದಿದ್ದರೆ ತಿಂಗಳುಗಟ್ಟಲೆ ಬೆಳೆಸಿದ್ದೆಲ್ಲ ವ್ಯರ್ಥ.

“ಬಿಸಿಲಿಗೆ ಸಾಯ್ತಾವ್ರಿ! ಇವಕ್ಕೂ ಜೀವ ಐತಿ!” ಎಂದು ರೇಗಿದೆ.

“ಹಂಗಾದ್ರ ನಾಳೆ ಹೂಡೋಣ್ರಿ, ಅವಕ್ಕೂ ಇವತ್ತ ಸೂಟಿ ಕೊಡ್ರಿ,” ಎಂದವರೇ ಡಬ್ಬಿಯನ್ನು ಎತ್ತುಗಳ ಪಕ್ಕ ನೆರಳಲ್ಲಿಟ್ಟು ಒದ್ದೆ ಗೋಣಿಚೀಲ ಹೊದಿಸಿದರು.

ಅಂದಿನಿಂದ ಡಬ್ಬಿ ತುಂಬುವ ಮೊದಲು ಗೊಣಗುತ್ತಲೇ ವಾರ ನೋಡುತ್ತೇನೆ. ಆ ಸೋಮವಾರ ಎತ್ತಿಗೂ ರಜೆ, ಜೀವಾಣುವಿಗೂ ರಜೆ. ಗೋಣಿ ಒಣಗದಂತೆ ಸಂಜೆಯವರೆಗೆ ನೀರು ಚಿಮುಕಿಸುತ್ತ ದುಡಿದವನು ನಾನೊಬ್ಬನೇ.