ಮಾಸು ಬಿತ್ತಾ?

ಹರಿಯಬ್ಬೆಯಲ್ಲಿ ಹೆರಿಗೆಯಾದ ಮನೆಯ ಮುಂದೆ ನಿಂತವರು ಗಂಡೋ ಹೆಣ್ಣೋ ಎಂದು ಮೊದಲು ಕೇಳುತ್ತಿರಲಿಲ್ಲ. "ಮಾಸು ಬಿತ್ತಾ?" ಎನ್ನುತ್ತಿದ್ದರು. ಕೊಟ್ಟಿಗೆಯಲ್ಲಿ ಹಸು ಈದಾಗಲೂ ಅದೇ ಮಾತು. ಒಡಲಲ್ಲಿ ಕೂಸನ್ನೋ ಕರುವನ್ನೋ ಸಾಕಿ, ಅದು ಹೊರಬಂದ ಮೇಲೆ ತಾನೂ ಕಳಚಿ ಬೀಳಬೇಕಾದದ್ದು ಮಾಸು. ಒಳಗೇ ಉಳಿದರೆ ತಾಯಿಯ ಜೀವಕ್ಕೆ ಅಪಾಯ. ಮನುಷ್ಯರಿಗೊಂದು, ದನಕ್ಕೊಂದು ಎಂದು ಎರಡು ಹೆಸರು ನಮಗೆ ಬೇಕಿರಲಿಲ್ಲ.

ಕಟ್ಟಳೆಯೂ ಎರಡಿರಲಿಲ್ಲ. ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡುತ್ತಿರಲಿಲ್ಲ. ಬಿಟ್ಟರೆ ಮಾಸು ಮೇಲಕ್ಕೇರುತ್ತದೆಂಬ ಭಯ. ಕೂಸನ್ನೂ ಎದೆಗೆ ಕೊಡುತ್ತಿರಲಿಲ್ಲ. ಹೊಕ್ಕುಳ ಬಳ್ಳಿಯನ್ನೂ ಅಲ್ಲಿಯವರೆಗೆ ಕೊಯ್ಯುವಂತಿರಲಿಲ್ಲ. ನಾನು ಹೆತ್ತಾಗ ಮಾಸು ತಾನಾಗಿಯೇ ಬಿದ್ದಿತ್ತು. ಹಾಗಾಗಿ ಈ ಮಾತು ಸರಿಯೋ ತಪ್ಪೋ ಎಂದು ಯೋಚಿಸುವ ಪ್ರಸಂಗವೇ ನನಗೆ ಬಂದಿರಲಿಲ್ಲ.

ಮಾರಿಕಣಿವೆಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ನಮ್ಮ ಮನೆಯ ಗಂಡಸರು ಅಲ್ಲಿ ಕಲ್ಲು ಹೊರಲು ಹೋಗಿದ್ದರು. ಮೈದುನನ ಹೆಂಡತಿ ತುಂಬಿದ ಬಸುರಿ. ಅವಳು ಮಾಡದಕೆರೆ ಕಡೆಯ ಕುರಿಗಾರರ ಮಗಳು. ತಾಯಿ ತೀರಿಹೋಗಿದ್ದರಿಂದ ಹೆರಿಗೆಗೆ ತವರಿಗೆ ಹೋಗದೆ ನಮ್ಮಲ್ಲೇ ಉಳಿದಿದ್ದಳು.

ಬೆಳಗಿನ ಹೊತ್ತಿಗೆ ಕೂಸು ಹುಟ್ಟಿತು, ಚೆನ್ನಾಗಿ ಅತ್ತಿತು. ಮಾಸು ಬೀಳಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯಿತು, ಆಗಲೂ ಬೀಳಲಿಲ್ಲ. ಅವಳ ಕೆಳಗೆ ಹಾಸಿದ ಹಳೆಯ ಸೀರೆಯನ್ನು ತೆಗೆದು ಬೇರೆಯದನ್ನು ಹಾಸಿದೆ. ಅದೂ ರಕ್ತದಲ್ಲಿ ನೆಂದಿತು. ಅವಳ ತುಟಿಯ ಬಣ್ಣ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ. ಸೂಲಗಿತ್ತಿ ಅಜ್ಜಿ ಹೊಟ್ಟೆ ನೀವಿ ನೀವಿ ಸೋತು, ಹಿರಿಯೂರಿಗೆ ಗಾಡಿ ಕಟ್ಟಿಸುವುದಾದರೆ ಈಗಲೇ ಕಟ್ಟಿಸಿ ಎಂದಳು. ಎತ್ತುಗಳೂ ಗಂಡಸರ ಜೊತೆ ಕಣಿವೆಯಲ್ಲಿದ್ದವು.

ಕೂಸು ಇನ್ನೂ ಕೊಯ್ಯದ ಬಳ್ಳಿಯ ಸಮೇತ ಅವಳ ಕಾಲ ಬಳಿ ಮೊರದಲ್ಲಿ ಮಲಗಿ ಬಾಯಿ ಚಪ್ಪರಿಸುತ್ತಿತ್ತು. ಅವಳು ಕೈ ಚಾಚಿದಳು. ನಮ್ಮ ಅತ್ತೆ ಮೊರವನ್ನು ಅಲ್ಲೇ ಒತ್ತಿ ಹಿಡಿದರು.

"ಕುರಿಮರಿಗೆ ಯಾರು ಅಡ್ಡ ನಿಂತಾರೆ ಅತ್ತೆ?" ಎಂದಳು ಅವಳು. ದನಿ ಸಣ್ಣದಾಗಿತ್ತು. "ಗುಡ್ಡದಾಗೆ ಈದ ಕುರಿ ಮರಿ ನೆಕ್ತಾ ನಿಂತಿರ್ತೈತೆ. ಮರಿ ಎದ್ದು ಮೊಲೆಗೆ ಬಾಯಿ ಹಾಕ್ತೈತೆ. ಮಾಸು ಆಮ್ಯಾಕೆ ಬೀಳ್ತೈತೆ."

"ನೀನೇನು ಕುರಿಯೇನೇ?"

"ಹಸುನೂ ಅಲ್ಲ."

ಅತ್ತೆಗೆ ಎದುರು ಮಾತು ಆ ಮನೆಯಲ್ಲಿ ಅದೇ ಮೊದಲು. ಅತ್ತೆ ಸಿಟ್ಟಾಗಲಿಲ್ಲ. ಅವಳ ಮುಖವನ್ನೇ ನೋಡಿದರು, ಆಮೇಲೆ ನೆಂದ ಸೀರೆಯನ್ನು ನೋಡಿದರು. ಮೊರದ ಮೇಲಿದ್ದ ಕೈ ಸಡಿಲವಾಯಿತು. ನಾನು ಕೂಸನ್ನೆತ್ತಿ ಅವಳ ಎದೆಯ ಮೇಲಿಟ್ಟೆ. ಬಳ್ಳಿ ಅಲ್ಲಿಯ ತನಕ ಸಾಲುವಷ್ಟು ಉದ್ದವಿತ್ತು.

ಕೂಸು ತಡಕಾಡಿ ಮೊಲೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಅವಳು ಹಲ್ಲು ಕಚ್ಚಿದಳು. ಅಜ್ಜಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಕಲ್ಲಿನ ಹಾಗೆ ಗಟ್ಟಿಯಾಯಿತು ಎಂದಳು. ಇನ್ನೊಂದು ನೋವು, ಮತ್ತೊಂದು. ಮಾಸು ಇಡಿಯಾಗಿ ಬಿತ್ತು. ಅಜ್ಜಿ ಅದನ್ನು ಮಗುಚಿ, ಹರಿದಿಲ್ಲವೆಂದು ನೋಡಿದ ಮೇಲೆಯೇ ಬಳ್ಳಿ ಕೊಯ್ದಳು. ರಕ್ತ ನಿಲ್ಲುತ್ತಾ ಬಂತು. ಆ ದಿನ ನಮ್ಮ ಮನೆಯ ದೊಡ್ಡವರಲ್ಲಿ ಅತ್ತವರು ಅತ್ತೆ ಒಬ್ಬರೇ, ಅದೂ ಹಿತ್ತಲಿನಲ್ಲಿ ಮಾಸನ್ನು ಹೂಳುವಾಗ.

ಎಷ್ಟೋ ಕಾಲದ ಮೇಲೆ ದುರ್ಗದ ಆಸ್ಪತ್ರೆಯಲ್ಲಿ ಕಲಿತ ಸೂಲಗಿತ್ತಿಯೊಬ್ಬರು ನನಗೆ ಇದನ್ನು ಬಿಡಿಸಿ ಹೇಳಿದರು. ಹಸುವಿನ, ಕುರಿಯ ಮಾಸು ಒಳಗೆ ಅಂಗಿಯ ಗುಂಡಿ ಹಾಕಿದಂತೆ ಅಲ್ಲಲ್ಲಿ ಅಂಟಿರುತ್ತದಂತೆ; ಹೆಂಗಸಿನದು ಒಂದೇ ರೊಟ್ಟಿಯ ಹಾಗೆ. ಮಾಡುವ ಕೆಲಸ ಮಾತ್ರ ಎಲ್ಲದರದೂ ಒಂದೇ. ಕೂಸಾಗಲಿ ಮರಿಯಾಗಲಿ ಚೀಪಿದರೆ ತಾಯಿಯ ಗರ್ಭ ಬಿಗಿದು ಮಾಸನ್ನು ಹೊರಕ್ಕೆ ನೂಕುತ್ತದೆ. ಅವರೂ ಮಾಸು ಎಂದೇ ಅಂದರು.

ನಮ್ಮ ಅತ್ತೆಗೆ ಅಷ್ಟು ವಿವರ ಬೇಕಿರಲಿಲ್ಲ. ಆ ಹೆರಿಗೆಯ ದಿನದಿಂದಲೇ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಗಿಲಲ್ಲಿ ನಿಂತು ಅವರು ಮೊದಲು ಕೇಳುತ್ತಿದ್ದದ್ದು ಒಂದೇ: "ಕೂಸಿಗೆ ಮೊಲೆ ಕೊಟ್ರಾ?"